ಒಂದೇ ಬೇಸಿಗೆಗೆ ಕೂಲಿಂಗ್ ಪೇಪರ್ ನೇರಳೆ ಆಗೈತೆ. ಮಾಲು ಕೆಟ್ಟದ್ದಾ, ನಮ್ಮ ಬಿಸಿಲು ಹೆಚ್ಚಾ?

ಕೌಲ್‌ಬಜಾರ್ ಡಿಸೈರ್, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಯುಗಾದಿಗೆ ಮುಂಚೆ ಗಾಡಿಗೆ ಕೂಲಿಂಗ್ ಪೇಪರ್ ಹಾಕ್ಸಿದೆ. ನಾಲ್ಕು ಡೋರು, ಹಿಂದಿನ ಗ್ಲಾಸು ಸೇರಿ 1,800 ರೂಪಾಯಿ. "ಐದು ವರ್ಷ ಏನೂ ಆಗಲ್ಲಣ್ಣ" ಅಂದಿದ್ರು ಅಂಗಡಿಯವರು. ಹಾಕ್ಸಿದಾಗ ಒಳ್ಳೆ ಕಪ್ಪಗಿತ್ತು. ಈಗ ಬದನೆಕಾಯಿ ಬಣ್ಣ.

ನನಗೆ ಅರ್ಥ ಆಗದೇ ಇರೋದು ಇದು: ಎಲ್ಲಾ ಗ್ಲಾಸೂ ಒಂದೇ ಥರ ಆಗಿಲ್ಲ. ಮನೆ ಮುಂದೆ ಗಾಡಿ ನಿಲ್ಲಿಸಿದ್ರೆ ಬಲಗಡೆಗೆ ಇಳಿಹೊತ್ತಿನ ಬಿಸಿಲು ಹೊಡೆಯುತ್ತೆ. ಆ ಕಡೆ ಎರಡೂ ಡೋರು ಪೂರ್ತಿ ನೇರಳೆ. ಎಡಗಡೆ ಗೋಡೆ ನೆರಳೈತೆ, ಅಲ್ಲಿ ಇನ್ನೂ ಕಂದುಗಪ್ಪು. ನಿನ್ನೆ ಗ್ಲಾಸ್ ನಾಲ್ಕು ಬೆರಳು ಇಳಿಸಿ ನೋಡಿದೆ. ಮೇಲಿನ ರಬ್ಬರ್ ಒಳಗೆ ಕೂತಿರ್ತಿದ್ದ ಅಂಚು, ಕಿರುಬೆರಳಗಲ, ಇನ್ನೂ ಹೊಸದರ ಹಂಗೇ ಕಪ್ಪಗೈತೆ. ಅದರ ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದಂಗೆ ನೇರಳೆ ಶುರು.

ಹಿಂದಿನ ಗ್ಲಾಸಲ್ಲಿ ಈ ಎರಡು ತಿಂಗಳಿಂದ ಗುಳ್ಳೆ ಬೇರೆ ಎದ್ದಾವೆ. ಇಷ್ಟೆಲ್ಲಾ ಹಾಕ್ಸಿದ್ದು ಮಗಳಿಗೋಸ್ಕರ. ಮಧ್ಯಾಹ್ನ ಶಾಲೆಯಿಂದ ಕರ್ಕೊಂಡು ಬರುವಾಗ ಸೀಟ್ ಬೆಲ್ಟ್ ಬಕಲ್ ಮುಟ್ಟಿ ಕೈ ಸುಟ್ಕೊಂಡಿದ್ಲು. ಗೊತ್ತಿದ್ದೋರು ಹೇಳ್ರಿ, ತಪ್ಪು ಎಲ್ಲಾಯ್ತು?

ಸಿಂಧನೂರಿನವ

ನಮ್ಮದೂ ಇದೇ ಕಥಿ ಅಣ್ಣ. ಎಂಟು ತಿಂಗಳಿಗೆ ನೇರಳೆ.

ತೋರಣಗಲ್ಲು ನೈಟ್ ಶಿಫ್ಟ್

1,800ಕ್ಕೆ ಐದು ಗ್ಲಾಸ್ ಅಂದ್ರೆ ಒಂದು ಗ್ಲಾಸಿಗೆ 360 ರೂಪಾಯಿ. ಅದರಲ್ಲೇ ಹಾಕಿದ ಹುಡುಗರ ಕೂಲಿ, ಅಂಗಡಿ ಲಾಭ ಎಲ್ಲಾ ಬರಬೇಕು. ಮಾಲಿಗೆ ಎಷ್ಟು ಉಳೀತು ಲೆಕ್ಕ ಹಾಕಿ. ಅಂಗಡಿಯವರನ್ನ ಬಯ್ಯೋದಕ್ಕಿಂತ ಮುಂಚೆ ನಾವು ಏನು ಕೇಳಿದ್ವಿ ಅನ್ನೋದನ್ನೂ ನೋಡ್ಬೇಕು.

ಕೌಲ್‌ಬಜಾರ್ ಡಿಸೈರ್, ಬಳ್ಳಾರಿ

ಅಣ್ಣ, 1,800 ನನಗೆ ಸಣ್ಣ ದುಡ್ಡಲ್ಲ. "ಒಂದು ವರ್ಷ ಬರುತ್ತೆ, ಆಮೇಲೆ ಬಣ್ಣ ಹೋಗುತ್ತೆ" ಅಂತ ನೇರವಾಗಿ ಹೇಳಿದ್ರೆ ನಾನೇ ಯೋಚನೆ ಮಾಡ್ತಿದ್ದೆ. ಐದು ವರ್ಷ ಅಂತ ಬಾಯಿಬಿಟ್ಟು ಹೇಳಿದ್ದಕ್ಕೆ ನನಗೆ ಸಿಟ್ಟು. ರೇಟು ಕಡಿಮೆ ಅನ್ನೋದಕ್ಕಲ್ಲ.

ವಾಷಿಂಗ್ ಯೂನಿಟ್, ಬಳ್ಳಾರಿ

ನಾನು ಹನ್ನೊಂದು ವರ್ಷದಿಂದ ಇಲ್ಲಿ ಜೀನ್ಸ್ ವಾಷಿಂಗಲ್ಲಿ ಇದೀನಿ. ಕಾರಿನ ಕೆಲಸ ನನಗೆ ಗೊತ್ತಿಲ್ಲ, ಬಣ್ಣದ ಕೆಲಸ ಗೊತ್ತು. ನೀವು ಹೇಳಿದ ರಬ್ಬರ್ ಒಳಗಿನ ಅಂಚು ಇದೆಯಲ್ಲ, ಅದೇ ಎಲ್ಲಾ ಹೇಳ್ತಿದೆ. ಒಂದೇ ಫಿಲ್ಮು, ಒಂದೇ ದಿನ ಹಾಕಿದ್ದು, ಒಂದೇ ಕಾವು. ಬೆಳಕು ಬಿದ್ದ ಕಡೆ ಹೋಯ್ತು, ಬೀಳದ ಕಡೆ ಉಳೀತು. ಹಾಕಿದ ಕೆಲಸದ್ದು ತಪ್ಪಿಲ್ಲ. ಬಣ್ಣ ಬೆಳಕಿಗೆ ಗಟ್ಟಿ ಇರ್ಲಿಲ್ಲ, ಅಷ್ಟೇ.

ನೇರಳೆನೇ ಯಾಕೆ ಅಂದ್ರೆ, ಕಪ್ಪು ಅನ್ನೋದು ಒಂದೇ ಬಣ್ಣ ಅಲ್ಲ. ಕೆಂಪು, ಹಳದಿ, ನೀಲಿ ಥರದ ಡೈಗಳನ್ನ ಲೆಕ್ಕ ಹಾಕಿ ಬೆರೆಸಿ ಕಪ್ಪು ಮಾಡ್ತಾರೆ. ಬಿಸಿಲಿಗೆ ಎಲ್ಲಾ ಒಟ್ಟಿಗೆ ಸಾಯಲ್ಲ. ಹಳದಿ ಪಾಲು ಮೊದಲು ಹೋದ್ರೆ ಕೆಂಪು, ನೀಲಿ ಉಳೀತಾವೆ. ಅವೆರಡೂ ಸೇರಿದ್ರೆ ನೇರಳೆ.

ಇನ್ನೊಂದು ಮಾತು, ಇದು ಮುಖ್ಯ. ಬಣ್ಣ ಎಲ್ಲಿ ಕೂತಿದೆ ಅನ್ನೋದು. ಜೀನ್ಸಿನ ಇಂಡಿಗೊ ನೂಲಿನ ಮೇಲ್ಮೈಯಲ್ಲಿ ಮಾತ್ರ ಇರುತ್ತೆ. ನೂಲಿನ ಹುರಿ ಬಿಚ್ಚಿ ನೋಡಿ, ಒಳಗೆ ಬಿಳಿ. ಅದಕ್ಕೇ ಜೀನ್ಸ್ ಮಾಸೋದು, ಜನಕ್ಕೆ ಬೇಕಾಗಿರೋದೂ ಅದೇ. ಪಾಲಿಯೆಸ್ಟರ್ ಹಂಗಲ್ಲ. ಅದಕ್ಕೆ ಒತ್ತಡದಲ್ಲಿ 130 ಡಿಗ್ರಿ ಕಾವು ಕೊಟ್ಟಾಗ ಎಳೆ ಸಡಿಲ ಆಗಿ ಬಣ್ಣ ಒಳಕ್ಕೆ ಇಳಿಯುತ್ತೆ. ನಿಮ್ಮ ಕೂಲಿಂಗ್ ಪೇಪರೂ ಪಾಲಿಯೆಸ್ಟರೇ. ಒಳ್ಳೆ ಡೈ ಫಿಲ್ಮಲ್ಲಿ ಬಣ್ಣ ಹಾಳೆಯ ಒಳಗೇ ಇರುತ್ತೆ. ತೀರಾ ಅಗ್ಗದ್ದರಲ್ಲಿ ಹಾಳೆಗೆ ಬಣ್ಣನೇ ಹಾಕಿರಲ್ಲ, ಅಂಟಿಗೆ ಬೆರೆಸಿ ಬಳಿದಿರ್ತಾರೆ. ಗ್ಲಾಸಿಗೆ ಅಂಟೋ ಮಗ್ಗುಲು ಅದು, ಅಂದ್ರೆ ಬಿಸಿಲು ಮೊದಲು ಮುಟ್ಟೋದು ಅದನ್ನೇ.

ಒಳಗೆ ಇಳಿದ ಬಣ್ಣ ಎಲ್ಲಾ ಬಿಸಿಲಿಗೆ ತಡೆಯುತ್ತೆ ಅಂತ ನಾನು ಹೇಳ್ತಿಲ್ಲ. ನೀರಿಗೆ ಗಟ್ಟಿ ಬೇರೆ, ಬೆಳಕಿಗೆ ಗಟ್ಟಿ ಬೇರೆ. ಬೆಳಕಿನದ್ದನ್ನ ಅಳೆಯೋಕೆ ನಮ್ಮ ಧಂದೆಯಲ್ಲಿ 1ರಿಂದ 8ರ ತನಕ ನಂಬರ್ ಐತೆ. ನೀಲಿ ಉಣ್ಣೆ ಪಟ್ಟಿಗಳ ಜೊತೆ ಇಟ್ಟು, ಬೆಳಕು ಬಿಟ್ಟು ನೋಡ್ತಾರೆ. 8 ಬಂದ್ರೆ ಗಟ್ಟಿ, 1 ಬಂದ್ರೆ ಕಣ್ಣೆದುರಿಗೇ ಹೋಗುತ್ತೆ. ಒಂದು ಅಂಗಿಗೆ ಈ ಪರೀಕ್ಷೆ ಇರುವಾಗ ದಿನಾ ಬಿಸಿಲಲ್ಲೇ ಇರೋ ಕಾರಿನ ಫಿಲ್ಮಿಗೆ ಯಾರೂ ಕೇಳಲ್ಲ ಅನ್ನೋದೇ ನನಗೆ ನೋವು.

ಹೊಸಪೇಟೆ ರಸ್ತೆ

ತುಂಬಾ ಚೆನ್ನಾಗಿ ಹೇಳಿದ್ರಿ. ಜೀನ್ಸ್ ಮಾಸೋದಕ್ಕೆ ಕಾರಣ ಇವತ್ತು ಗೊತ್ತಾಯ್ತು.

ಮಾನ್ವಿ ಮೇಷ್ಟ್ರು, ರಾಯಚೂರು

ಒಪ್ಪತೀನಿ, ಆದ್ರ ಬಿಸಿಲನ್ನ ಪೂರಾ ಬಿಡಬ್ಯಾಡ್ರಿ. ನನ್ನ ತಮ್ಮ ಶಿವಮೊಗ್ಗದಾಗ ಅದಾನ. ಅವನೂ ಅಗ್ಗದ್ದೇ ಹಾಕ್ಸ್ಯಾನ, ಮೂರು ವರ್ಷ ಆತು, ಇನ್ನೂ ಕಪ್ಪಗದ. ಇಲ್ಲಿ ಮಾರ್ಚ್‌ದಾಗ 40 ಹತ್ತಿರ ಹೋಗ್ತದ, ಮೇ ಅಂದ್ರ ಅದಕ್ಕೂ ಮ್ಯಾಲೆ. ಮುಚ್ಚಿದ ಗಾಡಿ ಒಳಗ ಎಷ್ಟಿರಬೇಕು? ಅಲ್ಲಿ ನಡೆದದ್ದು ಇಲ್ಲಿ ನಡಿಯಂಗಿಲ್ಲ. ಆ ಡೈ ಇಲ್ಲಿಗೆ ಸಲ್ಲುವಂಥದ್ದಲ್ಲ ಅಂತನ್ನೋದು ಸರಿಯಾದ ಮಾತು.

ವಾಷಿಂಗ್ ಯೂನಿಟ್, ಬಳ್ಳಾರಿ

ಹೌದು ಸರ್, ಕಾವು ಜಾಸ್ತಿ ಇದ್ದಷ್ಟೂ ಬೇಗ ಹೋಗುತ್ತೆ. ನಿಮ್ಮ ಮಾತು ಸರಿ.

ಫಿಲ್ಮ್ ಕೆಲಸ, ಗಂಗಾವತಿ

ನಾನು ಇದೇ ಕೆಲಸ ಮಾಡಾವ, ಹದಿನಾಲ್ಕು ವರ್ಷ ಆತು. ಮೊದಲ ಒಂದು ಮಾತು ಹೇಳ್ತೀನಿ: ಐದು ವರ್ಷ ಅಂತ ಹೇಳಿ 1,800ಕ್ಕೆ ಕೊಟ್ಟಿದ್ದು ತಪ್ಪು. ಅದನ್ನ ನಮ್ಮ ಕಡಿಯಾವ್ರು ಅಂತ ನಾ ಸಮರ್ಥನೆ ಮಾಡಂಗಿಲ್ಲ. ಆದ್ರ ಅಂಗಡಿಗೆ ಬರೋ ಹತ್ತು ಮಂದ್ಯಾಗ ಎಂಟು ಮಂದಿ ಕೇಳೋದು ಎರಡೇ ಮಾತು: "ಎಷ್ಟು ಕಪ್ಪಗ ಸಿಗತೈತಿ, ಎಷ್ಟು ಕಡಿಮಿಗೆ ಸಿಗತೈತಿ". ಬಣ್ಣ ಎಷ್ಟು ದಿನ ಇರತೈತಿ ಅಂತ ಕೇಳಿದವ್ರು ಬೆರಳೆಣಿಕಿ.

ಮಾಲಿನಾಗ ನಾಕು ಥರ ಅದಾವ. ಡೈ ಫಿಲ್ಮ್ ಬಗ್ಗೆ ಮ್ಯಾಲಿನ ಅಣ್ಣಾರು ಹೇಳ್ಯಾರ. ಇದು ಕಾವನ್ನ ತಾನೇ ಹೀರತೈತಿ. ಗ್ಲಾಸ್ ಕಾಯತೈತಿ, ಅದರಾಗ ಒಂದು ಪಾಲು ಒಳಗ ಬಿಡತೈತಿ. ಕಪ್ಪು ಕಾಣತೈತಿ, ಆದ್ರ ತಂಪು ಅಷ್ಟಕ್ಕಷ್ಟೇ. ಲೋಹದ ಲೇಪ ಇರೋ ಮೆಟಲ್ ಫಿಲ್ಮ್ ಬಿಸಿಲನ್ನ ಕನ್ನಡಿಗತೆ ವಾಪಸ್ ಹೊಡಿತೈತಿ, ಬಣ್ಣನೂ ನಿಲ್ಲತೈತಿ. ಆದ್ರ ಮುಂದಿನ ಗ್ಲಾಸಿಗೆ ಹಾಕಿದ್ರ ಫಾಸ್ಟ್ಯಾಗ್ ಓದೋದಕ್ಕೆ, ಜಿಪಿಎಸ್‌ಗೆ ತೊಂದ್ರಿ. ಕಾರ್ಬನ್ ಅಂದ್ರ ಮಸಿ ಇದ್ದಂಗ. ಒಲಿ ಮ್ಯಾಲಿನ ಗೋಡಿ ಮಸಿ ಬಿಸಿಲಿಗೆ ನೇರಳೆ ಆಗಿದ್ದು ಯಾರರ ನೋಡೀರಿ? ಹಂಗ ಇದೂ ಬಣ್ಣ ಬದಲಾಗಂಗಿಲ್ಲ. ಸೆರಾಮಿಕ್ ಎಲ್ಲಕ್ಕಿಂತ ತುಟ್ಟಿ. ಅದರಾಗ ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಇರ್ತಾವ. ಬೆಳಕು ಬಿಡತಾವ, ಕಾವು ತಡೀತಾವ.

ಈಗ ಮೋಸ ಎಲ್ಲಿ ನಡಿತೈತಿ ಅಂದ್ರ, ಡೈ ಫಿಲ್ಮಿನ ಡಬ್ಬಿ ಮ್ಯಾಲೆ "ಕಾರ್ಬನ್" ಅಂತ ಅಚ್ಚು ಹಾಕಿ ಕಳಿಸ್ತಾರ. ದೊಡ್ಡ ಕಂಪನಿ ಹೆಸರಿನ ಡೂಪ್ಲಿಕೇಟೂ ಬರತೈತಿ. ನನಗ ಹೊಸ ರೋಲ್ ಬಂದ ಕೂಡ್ಲೆ ನಾ ಮಾಡೋದು ಇಷ್ಟ: ತುಂಡು ಕತ್ತರಿಸಿ ಅದರ ಹಿಂದಿನ ತೆಳು ಹಾಳಿ ಬಿಚ್ಚಿ, ಅಂಟಿನ ಮಗ್ಗಲಿಗೆ ಉಗುರು ಬಣ್ಣ ತೆಗೆಯೋ ರಿಮೂವರ್ ಹತ್ತ್ಯಾಗ ಅದ್ದಿ ತಿಕ್ಕತೀನಿ. ಹತ್ತಿ ಕಪ್ಪಾಗಿ ಹಾಳಿ ಬೆಳ್ಳಗಾದ್ರ ಬಣ್ಣ ಅಂಟಿನಾಗೈತಿ. ಆ ರೋಲ್ ವಾಪಸ್.

ಗುಳ್ಳಿ ವಿಚಾರ. ಹಾಕಿದ ಹೊಸದಾಗಿ ಕಾಣೋ ಗುಳ್ಳಿ ಸೋಪಿನ ನೀರು, ಎರಡು ಮೂರು ವಾರದಾಗ ಆರಿ ಹೋಗತೈತಿ. ವರ್ಷದ ಮ್ಯಾಲೆ ಎದ್ದ ಗುಳ್ಳಿ ಅಂದ್ರ ಅಂಟು ಸತ್ತೈತಿ. ಸೂಜಿ ಚುಚ್ಚಿ ಒತ್ತಿದ್ರ ಸರಿ ಆಗಂಗಿಲ್ಲ, ತೆಗಿಯೋದೊಂದೇ ದಾರಿ.

ಮೋತಿ ಸರ್ಕಲ್

ಅಂಗಡಿಯವರೇ ಇಷ್ಟು ಬಿಚ್ಚಿ ಹೇಳಿದ್ದು ಮೊದಲ ಸಲ ನೋಡ್ತಿದೀನಿ. ಥ್ಯಾಂಕ್ಸ್ ಅಣ್ಣ.

ತೋರಣಗಲ್ಲು ನೈಟ್ ಶಿಫ್ಟ್

ಒಂದು ಸೇರಿಸ್ತೀನಿ. ನಮ್ಮ ಸಂಡೂರು ಕಡೆ ಅದಿರಿನ ಕೆಂಪು ಧೂಳು ಗ್ಲಾಸಿನ ಬೀಡಿಂಗಲ್ಲಿ ಕೂರುತ್ತೆ. ಗ್ಲಾಸ್ ಇಳಿಸಿ ಏರಿಸಿದಾಗೆಲ್ಲಾ ಫಿಲ್ಮಿನ ಮೇಲೆ ಉದ್ದುದ್ದ ಗೀರು. ನನ್ನ ಗಾಡಿಯಲ್ಲಿ ಬಣ್ಣ ಹೋಗೋಕ್ಕೆ ಮುಂಚೆ ಗೀರಿಂದಲೇ ಹಾಳಾಯ್ತು. ಗೀರು ತಡೆಯೋ ಗಟ್ಟಿ ಲೇಪ ಇದೆಯಾ ಅಂತ ಕೇಳಿ, ವಾರಕ್ಕೊಮ್ಮೆ ಬೀಡಿಂಗ್ ಸಂದಿಯನ್ನ ಹಳೇ ಬ್ರಷ್ಷಲ್ಲಿ ಒರೆಸಿ.

ಕುಷ್ಟಗಿ ಬೊಲೆರೊ

ಎಲ್ಲಾ ಸರಿ, ಆದ್ರ ಕಪ್ಪಗಿದ್ರ ತಂಪು ಇರತೈತಿ ಅನ್ನೋದನ್ನ ಸುಳ್ಳು ಅಂತೀರಲ್ಲ, ಅದು ನಾ ಒಪ್ಪಂಗಿಲ್ಲ. ನನ್ನ ಗಾಡ್ಯಾಗ ಕಪ್ಪು ಹಾಕಿದ ಮ್ಯಾಲೆ ಎಸಿ ಬ್ಯಾಗ ತಂಪಾಗತೈತಿ. ಕೈಯಿಂದ ಮುಟ್ಟಿ ನೋಡಿದ್ದು.

ಮಾನ್ವಿ ಮೇಷ್ಟ್ರು, ರಾಯಚೂರು

ತಮ್ಮಾ, ಪೂರಾ ಸುಳ್ಳು ಅಂತ ಯಾರೂ ಅಂದಿಲ್ಲ. ಬಿಸಿಲಿನ ಶಕ್ತಿಯೊಳಗ ಹೆಚ್ಚು ಕಡಿಮಿ ಅರ್ಧ ಕಣ್ಣಿಗೆ ಕಾಣೋದೇ ಇಲ್ಲ, ಅದು ಅವಗೆಂಪು ಕಿರಣ. ಅದಕ್ಕ ಐಆರ್ ಅಂತಾರ. ಉಳಿದದ್ದರಾಗ ಬಹುಪಾಲು ಕಾಣೋ ಬೆಳಕು, ನೇರಳಾತೀತ, ಅಂದ್ರ ಯುವಿ, ಶೇಕಡಾ ಕೆಲವೇ ಪಾಲು. ಕಪ್ಪು ಡೈ ಕಾಣೋ ಬೆಳಕನ್ನ ತಡೀತದ, ಹಂಗಾಗಿ ಸ್ವಲ್ಪ ತಂಪು ಖರೆ. ಆದ್ರ ಕಾಣದ ಅರ್ಧದ ಮ್ಯಾಲೆ ಅದರ ಹಿಡಿತ ಕಡಿಮಿ. ಕಣ್ಣಿಗೆ ತೆಳ್ಳಗ ಕಾಣೋ ಸೆರಾಮಿಕ್ ಆ ಅರ್ಧಕ್ಕೇ ಕೈ ಹಾಕ್ತದ.

ಅಂಗಡ್ಯಾಗ ಕೆಂಪು ಲ್ಯಾಂಪ್ ಹಚ್ಚಿ ಫಿಲ್ಮ್ ಹಿಂದ ಕೈ ಇಡ್ರಿ ಅಂತಾರಲ್ಲ, ಅದನ್ನ ನೋಡಿ ಮರುಳಾಗಬ್ಯಾಡ್ರಿ. ಲ್ಯಾಂಪು ಸೂರ್ಯ ಅಲ್ಲ. "ಐಆರ್ ಶೇ. 95" ಅಂತ ಬರೆದದ್ದು ಭಾಳ ಸಲ ಯಾವುದೋ ಒಂದು ತರಂಗಾಂತರದ ಲೆಕ್ಕ ಇರ್ತದ. ಕೇಳಬೇಕಾದ ನಂಬರು ಟಿಎಸ್ಇಆರ್, ಒಟ್ಟು ಸೌರಶಕ್ತಿಯಲ್ಲಿ ಎಷ್ಟು ತಡೀತದ ಅನ್ನೋದು.

ಕುಷ್ಟಗಿ ಬೊಲೆರೊ

ಆತ್ರಿ ಸರ್. ಆ ನಂಬರ್ ನನ್ನ ಫಿಲ್ಮಿಂದು ಎಲ್ಲೂ ಬರೆದಿಲ್ಲ, ಹುಡುಕಿದೆ.

ಕಿನ್ನಾಳದ ಅಕ್ಕ, ಕೊಪ್ಪಳ

ನಮ್ಮ ತಾಯಿಗೆ ಚರ್ಮದ ತೊಂದ್ರಿ ಐತಿ, ಬಿಸಿಲಿಗೆ ಬರಬ್ಯಾಡ್ರಿ ಅಂತ ಡಾಕ್ಟ್ರು ಹೇಳ್ಯಾರ. ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಕರ್ಕೊಂಡು ಹೋಗಬೇಕು. ಪೊಲೀಸರು ಹಿಡೀತಾರ ಅಂತ ಕಪ್ಪು ಹಾಕ್ಸಿಲ್ಲ. ದಾರಿ ಪೂರಾ ಅವ್ವ ಸೆರಗು ಮುಖಕ್ಕ ಹಿಡ್ಕೊಂಡು ಕೂಡ್ತಾಳ. ಕಪ್ಪು ಇಲ್ಲದ ಫಿಲ್ಮ್ ಯುವಿ ತಡೀತೈತೇನು?

ಫಿಲ್ಮ್ ಕೆಲಸ, ಗಂಗಾವತಿ

ತಡೀತೈತಿ ಅಕ್ಕಾರ, ಖಂಡಿತ. ಯುವಿ ತಡಿಯೋಕ ಕಪ್ಪು ಬೇಕಾಗಿಲ್ಲ. ನಿಮ್ಮ ಗಾಡಿ ಮುಂದಿನ ಗ್ಲಾಸನ್ನೇ ನೋಡ್ರಿ. ಎರಡು ಗಾಜಿನ ನಡುವ ಪ್ಲಾಸ್ಟಿಕ್ ಪದರ ಇರತೈತಿ, ಎಷ್ಟು ತಿಳಿ ಐತಿ, ಆದ್ರ ಯುವಿ ಬಹುತೇಕ ಪೂರಾ ತಡೀತೈತಿ. ಪಕ್ಕದ ಗ್ಲಾಸು ಒಂಟಿ ಗಾಜು, ಅದರಿಂದ ಯುವಿ-ಎ ಒಳಗ ಬರತೈತಿ. ಅದಕ್ಕ ತಿಳಿ ಫಿಲ್ಮ್ ಸಿಗತೈತಿ, ಒಳ್ಳೆ ಕಂಪನಿದು ಶೇ. 99 ಯುವಿ ತಡಿಯೋದು. ಅವ್ವಾರು ಕೂಡೋ ಕಡಿ ಮೊದಲ ಹಾಕಸ್ರಿ.

ಕಿನ್ನಾಳದ ಅಕ್ಕ, ಕೊಪ್ಪಳ

ಭಾಳ ಉಪಕಾರ ಆತು ಅಣ್ಣ. ಇಷ್ಟು ದಿನ ಗೊತ್ತಿಲ್ಲದೇ ಅವ್ವನ್ನ ಹಂಗೇ ಕರ್ಕೊಂಡು ಹೋಗಿವಲ್ಲ ಅನಸ್ತೈತಿ.

ಕೋರ್ಟ್ ರಸ್ತೆ, ರಾಯಚೂರು

ಪೊಲೀಸ್ ಮಾತು ಬಂತಲ್ಲ, ಕಾಯ್ದೆ ಹೇಳಿಬಿಡ್ತೀನಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ. ಮುಂದಿನ, ಹಿಂದಿನ ಗಾಜಿನಿಂದ ಕನಿಷ್ಠ ಶೇ. 70, ಪಕ್ಕದ ಗಾಜಿನಿಂದ ಕನಿಷ್ಠ ಶೇ. 50 ಬೆಳಕು ಹಾಯಬೇಕು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಅವಿಷೇಕ್ ಗೋಯೆಂಕಾ ಪ್ರಕರಣದಲ್ಲಿ, ಆ ಅಳತೆ ಗಾಜು ತಯಾರಾದಾಗಲೇ ಇರಬೇಕು, ಆಮೇಲೆ ಯಾವ ಫಿಲ್ಮೂ ಅಂಟಿಸುವಂತಿಲ್ಲ ಅಂತ ಹೇಳಿತು. ಎಷ್ಟೇ ತಿಳಿ ಇದ್ದರೂ ಸರಿಯೇ.

ಮುಂದೆ ನಿಯಮಕ್ಕೆ ತಿದ್ದುಪಡಿ ಬಂತು, 2021ರ ಏಪ್ರಿಲ್ 1ರಿಂದ ಜಾರಿ. "ಸುರಕ್ಷಾ ಗಾಜು" ಅನ್ನೋ ಮಾತಿನ ಜೊತೆಗೆ, ಒಳಮೈಗೆ ಪ್ಲಾಸ್ಟಿಕ್ ಪದರ ಇರೋ ಗಾಜೂ ಸೇರಿಕೊಂಡಿತು. ಇದನ್ನೇ ಹಿಡಿದು 2024ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟ್, ಹಾಯುವ ಬೆಳಕು ಶೇ. 70 ಮತ್ತು 50ಕ್ಕಿಂತ ಕಡಿಮೆ ಆಗದಿದ್ದರೆ ಫಿಲ್ಮ್ ಹಾಕಬಹುದು ಅಂದಿತು. ಅದು ಕೇರಳದ ತೀರ್ಪು. ನಮ್ಮಲ್ಲಿ ವಾದಕ್ಕೆ ತೋರಿಸಬಹುದು, ನಮ್ಮ ನ್ಯಾಯಾಲಯಗಳು ಪಾಲಿಸಲೇಬೇಕು ಅಂತಿಲ್ಲ. ಕಪ್ಪು ಫಿಲ್ಮಿಗೆ ಅಂತೂ ಎಲ್ಲೂ ಜಾಗ ಇಲ್ಲ. ತಾಯಿಯವರ ವಿಷಯದಲ್ಲಿ ತಿಳಿ ಫಿಲ್ಮ್ ಹಾಕಿಸಿ, ಅದರ ಅಳತೆಯ ಪ್ರಮಾಣಪತ್ರ ಮತ್ತು ಡಾಕ್ಟರ್ ಚೀಟಿ ಗಾಡಿಯಲ್ಲಿ ಇಟ್ಟುಕೊಳ್ಳಿ.

ಹೊಸಪೇಟೆ ರಸ್ತೆ

ಹಾಗಾದ್ರೆ ಪಕ್ಕದ ಗ್ಲಾಸಿಗೆ ಶೇ. 50 ಫಿಲ್ಮ್ ಹಾಕಿದ್ರೆ ಲೆಕ್ಕ ಸರಿ ಹೋಯ್ತಲ್ಲ?

ಮಾನ್ವಿ ಮೇಷ್ಟ್ರು, ರಾಯಚೂರು

ಇಲ್ಲ, ಇಲ್ಲೇ ಎಲ್ಲರೂ ಎಡವೋದು. ಕಂಪನಿ ಗ್ಲಾಸೇ ತುಸು ಹಸಿರು ಇರ್ತದ. ಅದು ಶೇ. 75 ಬೆಳಕು ಬಿಡ್ತದ ಅಂತ ಇಟ್ಕೋರಿ. ಅದರ ಮ್ಯಾಲೆ 50ರ ಫಿಲ್ಮ್ ಹಾಕಿದ್ರ 75ರ ಅರ್ಧ, ಅಂದ್ರ 37.5 ಮಾತ್ರ. ನಿಯಮಕ್ಕಿಂತ ಕೆಳಗ. 70ರ ಫಿಲ್ಮ್ ಹಾಕಿದ್ರ 52.5, ಅದು ನಡೀತದ. ಮುಂದಿನ ಗ್ಲಾಸಿಗೆ ಇದೇ ಲೆಕ್ಕ ಹಾಕಿದ್ರ, 70ರ ಫಿಲ್ಮೂ ಕೂಡಂಗಿಲ್ಲ. ಹಾಕಸೋ ಮೊದಲ ಮೀಟರ್ ಇಟ್ಟು ಬರೀ ಗ್ಲಾಸಿಂದು ಅಳೆದು ತೋರಿಸ್ರಿ ಅನ್ರಿ.

ಕಾರಟಗಿ ರೈತ

ಕಾಯ್ದೆ ಬಿಡ್ರಿ, ನನಗ ಆಗಿದ್ದು ಹೇಳ್ತೀನಿ. ಹೋದ ಸುಗ್ಗ್ಯಾಗ ರಾತ್ರಿ ಒಂಬತ್ತಕ್ಕ ಸಿಂಧನೂರಿಂದ ವಾಪಸ್ ಬರ್ತಿದ್ದೆ. ಡೋರ್ ಗ್ಲಾಸಿಗೆ ಪೂರಾ ಕಪ್ಪು. ಮುಂದ ಭತ್ತ ಹೇರಿದ ಟ್ರ್ಯಾಕ್ಟರ್, ಹಿಂದ ಒಂದೂ ಲೈಟ್ ಇಲ್ಲ. ಅದನ್ನ ದಾಟಬೇಕಂತ ಬಲಕ್ಕ ತಗೊಳ್ಳೋ ಮೊದಲ ಕನ್ನಡಿ ನೋಡಿದೆ. ಕಪ್ಪು ಗ್ಲಾಸಿನ ಆಚಿ ಕನ್ನಡ್ಯಾಗ ಏನೂ ಕಾಣಲಿಲ್ಲ. ಯಾರೂ ಇಲ್ಲಂತ ತಿರುಗಿಸಿದೆ. ಹಿಂದ ಲೈಟ್ ಮಂಕಾದ ಬೈಕ್ ಇತ್ತು. ಬೈಕಿನ ಹುಡುಗ ರಸ್ತಿ ಬಿಟ್ಟು ಗದ್ದಿಗೆ ಇಳಿದು ಬಿದ್ದ. ಮೊಣಕೈ ತರಚಿತ್ತು, ಮತ್ತೇನೂ ಆಗಲಿಲ್ಲ. ದೇವರು ದೊಡ್ಡವ. ಅವನ್ನ ಮನಿ ಮುಟ್ಟಿಸಿ ಬಂದು ಅವತ್ತು ರಾತ್ರಿನೇ ಎರಡೂ ಮುಂದಿನ ಡೋರಿಂದು ಕಿತ್ತು ಹಾಕಿದೆ. ಕೈ ನಡಗ್ತಿದ್ದುವು.

ಸಿಂಧನೂರಿನವ

ಸುಗ್ಗ್ಯಾಗ ಆ ರಸ್ತಿ ರಾತ್ರಿ ಭಾಳ ಕಷ್ಟ ಅಣ್ಣ. ಟ್ರ್ಯಾಲಿಗೆ ಕೆಂಪು ರೇಡಿಯಂ ಸ್ಟಿಕ್ಕರ್ ಹಚ್ಚಿದ್ರೂ ಸಾಕು, ಅದನ್ನೂ ಹಚ್ಚಂಗಿಲ್ಲ.

ಮೋತಿ ಸರ್ಕಲ್

ಇದನ್ನ ಓದಿ ನಾನು ನಾಳೆನೇ ಮುಂದಿನ ಡೋರಿಂದು ತೆಗೆಸ್ತೀನಿ.

ಹಳೇ ಅಂಬಾಸಿಡರ್

ನಮ್ಮ ಅಪ್ಪಾಜಿ ಕಾಲದಲ್ಲಿ ಫಿಲ್ಮ್ ಎಲ್ಲಿತ್ತು? ಹಿಂದಿನ ಗ್ಲಾಸಿಗೆ ಸ್ಪ್ರಿಂಗ್ ತಂತಿಗೆ ಪೋಣಿಸಿದ ಬಟ್ಟೆ ಪರದೆ. ಗಾಡಿ ಬೇವಿನ ಮರದ ಕೆಳಗೆ. ಹೊರಡೋ ಮುಂಚೆ ನಾಲ್ಕೂ ಬಾಗಿಲು ತೆಗೆದು ಐದು ನಿಮಿಷ ಬಿಡ್ತಿದ್ರು. ನಾನು ಈಗಲೂ ಹಾಗೇ ಮಾಡ್ತೀನಿ. ಬಾಗಿಲು ತೆಗೆದು ಬಿಸಿ ಗಾಳಿ ಹೊರಗೆ ಬಿಟ್ಟು ಆಮೇಲೆ ಎಸಿ ಹಾಕಿದ್ರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತೆ.

ಕುಷ್ಟಗಿ ಬೊಲೆರೊ

ಈಗ ಬೇವಿನ ಮರ ಎಲ್ಲಿ ಉಳಿಸ್ಯಾರ್ರಿ? ರಸ್ತಿ ಅಗಲ ಮಾಡ್ತೀವಂತ ಎಲ್ಲಾ ಕಡಿದ್ರು.

ಹಳೇ ಅಂಬಾಸಿಡರ್

ಅದೊಂದು ನೋವೇ. ನಮ್ಮ ಬೀದಿಯಲ್ಲಿ ಎರಡೇ ಉಳಿದಾವೆ. ಪಾಳಿ ಮೇಲೆ ಗಾಡಿ ನಿಲ್ಲಿಸ್ತೀವಿ.

ಸಿಂಧನೂರಿನವ

ನೇರಳೆ ಆದದ್ದನ್ನ ಮನ್ಯಾಗೇ ತೆಗೆಯೋಕ ಬರ್ತದೇನು? ನಾ ಬ್ಲೇಡ್ ಹಾಕಬೇಕಂತಿದ್ದೆ.

ಫಿಲ್ಮ್ ಕೆಲಸ, ಗಂಗಾವತಿ

ಹಿಂದಿನ ಗ್ಲಾಸಿಗೆ ಬ್ಲೇಡ್ ಮುಟ್ಟಸಬ್ಯಾಡ್ರಿ ಅಣ್ಣ! ಅಲ್ಲಿ ಅಡ್ಡಡ್ಡ ಗೆರಿ ಅದಾವಲ್ಲ, ಮಂಜು ತೆಗೆಯೋ ಡಿಫಾಗರ್, ಅದು ಗ್ಲಾಸಿನ ಒಳಮೈ ಮ್ಯಾಲೇ ಐತಿ. ಒಂದು ಗೆರಿ ಕಿತ್ತು ಬಂದ್ರ ಆ ಸಾಲು ಸತ್ತಂಗ.

ನಮ್ಮ ಬಿಸಿಲನ್ನೇ ಕೆಲಸಕ್ಕ ಹಚ್ರಿ. ಮಧ್ಯಾಹ್ನ ಗ್ಲಾಸಿನ ಹೊರಮೈಗೆ ಸೋಪಿನ ನೀರು ಹೊಡದು, ಕಸದ ಕಪ್ಪು ಪ್ಲಾಸ್ಟಿಕ್ ಚೀಲ ಸೀಳಿ ಅಂಟಿಸ್ರಿ. ಒಳಗ ಫಿಲ್ಮ್ ಮ್ಯಾಲೂ ಸೋಪಿನ ನೀರು ಹೊಡದು ಬಾಗಿಲು ಮುಚ್ರಿ. ಒಂದು ತಾಸಿಗೆ ಅಂಟು ಮೆತ್ತಗಾಗತೈತಿ. ಮೂಲ್ಯಾಗ ಉಗುರಿನಿಂದ ಎಬ್ಬಿಸಿ, ಗ್ಲಾಸಿಗೆ ಒತ್ತಿಕೊಂಡಂಗ ಮಲಗಿಸಿ ಸಾವಕಾಶ ಎಳೀರಿ. ಜಗ್ಗಿದ್ರ ಹರಿದು ಚೂರು ಚೂರು ಬರತೈತಿ.

ಕೌಲ್‌ಬಜಾರ್ ಡಿಸೈರ್, ಬಳ್ಳಾರಿ

ಎರಡು ದಿನ ಬರೋಕ್ಕಾಗಿರ್ಲಿಲ್ಲ. ಇವತ್ತು ಭಾನುವಾರ, ಗಂಗಾವತಿ ಅಣ್ಣ ಹೇಳಿದಂಗೇ ಮಾಡಿದೆ. ಮಗಳೂ ಜೊತೆಗಿದ್ಲು, ಅವಳೇ ಸೋಪಿನ ನೀರು ಹೊಡೆದ್ಲು.

ಬಲಗಡೆ ಹಿಂದಿನ ಡೋರಿಂದು ಎಳೀತಾ ಇದ್ದಂಗೆ ಕೈಗೆ ಬಂದ ಹಾಳೆ ನೋಡಿ ನಿಂತುಬಿಟ್ಟೆ. ಅಂಗಿ ಪ್ಯಾಕಿನ ಪ್ಲಾಸ್ಟಿಕ್ ಇರುತ್ತಲ್ಲ, ಅಷ್ಟು ತಿಳಿ. ಬಣ್ಣ ಎಲ್ಲಾ ಗ್ಲಾಸ್ ಮೇಲೇ ಅಂಟಿನ ಜೊತೆ ಉಳೀತು. ಸ್ಪಂಜಲ್ಲಿ ತಿಕ್ಕಿದ್ರೆ ನೇರಳೆ ನೀರು ಡೋರಿನ ಮೇಲಿಂದ ಇಳಿದು ಅಂಗಳದ ಬಿಳಿ ಟೈಲ್ಸ್ ಮೇಲೆ ಹರೀತು. ರಬ್ಬರ್ ಒಳಗಿದ್ದ ಆ ಕಿರುಬೆರಳಗಲದ ಜಾಗದಲ್ಲಿ ತಿಕ್ಕಿದಾಗ ಬಂದ ನೀರು ಮಾತ್ರ ಕಪ್ಪು. ವಾಷಿಂಗ್ ಯೂನಿಟ್ ಅಣ್ಣ ಹೇಳಿದ್ದು ಅಕ್ಷರಶಃ ನಿಜ. ಮಗಳ ಕರ್ಚೀಫಿಗೆ ಹತ್ತಿದ ನೇರಳೆ ಇನ್ನೂ ಹೋಗಿಲ್ಲ.

ಸಂಜೆ ಗಾಡಿಯಲ್ಲಿ ಕೂತ್ರೆ ಕಣ್ಣಿಗೆ ಏನೋ ಹೊರೆ ಇಳಿದಂಗಾಯ್ತು. ರಸ್ತೆ ಇಷ್ಟು ಸ್ಪಷ್ಟವಾಗಿ ಕಂಡು ವರ್ಷವೇ ಆಗಿತ್ತು.

ಈಗ ನಿರ್ಧಾರ: ಎಲ್ಲಾ ಗ್ಲಾಸಿಗೂ ಒಂದೇ ಸಲ ಒಳ್ಳೇದು ಹಾಕ್ಸೋಕೆ ನನ್ನ ಕೈಲಿ ಆಗಲ್ಲ. ದೀಪಾವಳಿ ಹೊತ್ತಿಗೆ ದುಡ್ಡು ಕೂಡಿಸಿ ಹಿಂದಿನ ಎರಡು ಡೋರಿಗೆ ಮಾತ್ರ 70ರ ಸೆರಾಮಿಕ್, ಮಗಳು ಕೂರೋ ಜಾಗ ಅದು. ಅಲ್ಲೀತನಕ ಬಕಲ್ ಮೇಲೆ ಟವೆಲ್. ಗಂಗಾವತಿ ಅಣ್ಣ, ನಿಮ್ಮ ಹತ್ರನೇ ಬರ್ತೀನಿ, ಒಂದೇ ಕೋರಿಕೆ: ಹಾಕೋ ಮುಂಚೆ ಆ ರೋಲಿನ ತುಂಡಿಗೆ ರಿಮೂವರ್ ಪರೀಕ್ಷೆ ನನ್ನೆದುರಿಗೆ ಮಾಡಿ ತೋರಿಸ್ಬೇಕು.

ಫಿಲ್ಮ್ ಕೆಲಸ, ಗಂಗಾವತಿ

ಬರ್ರಿ ಅಣ್ಣ. ಹತ್ತಿ, ರಿಮೂವರ್ ಎರಡೂ ನೀವೇ ತರ್ರಿ. ತುಂಡನ್ನ ರೋಲಿನ ಯಾವ ಭಾಗದಿಂದ ಕತ್ತರಿಸಬೇಕು ಅನ್ನೋದನ್ನೂ ನೀವೇ ತೋರಸ್ರಿ.